ಮಡಿಸಿದ ಕಾಗದದೊಳಗಿನ ಪ್ರಾಣಿ

ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು, ಬದಿಗೆ ಒಂದು ತೆಂಗಿನಮರ. ಚಿತ್ರ ಬಿಡಿಸಿರೆಂದರೆ ಮೂವತ್ತು ಮಕ್ಕಳ ಪುಸ್ತಕದಲ್ಲಿಯೂ ಇದೊಂದೇ ಚಿತ್ರ ಮೂಡುವುದನ್ನು ಅಧ್ಯಾಪಕರಾದವರೆಲ್ಲ ಬಲ್ಲರು. ಕಾಸರಗೋಡಿನ ಮಕ್ಕಳು ಗುಡ್ಡವನ್ನಾಗಲಿ ಹೊಳೆಯನ್ನಾಗಲಿ ಕಾಣದವರೇನಲ್ಲ. ಆದರೆ ಕಾಗದದ ಮೇಲಿನ ಬೆಟ್ಟ ಅವರು ಕಂಡ ಗುಡ್ಡವಲ್ಲ; ಕರಿಹಲಗೆಯಿಂದ ಇಳಿದು ಬಂದದ್ದು. ಭಾಷೆಯ ತರಗತಿಯ ಪಾಡೂ ಇಷ್ಟೆ. 'ನನ್ನ ಕನಸು' ಎಂದು ಪ್ರಬಂಧ ಬರೆಯಹೇಳಿದರೆ ಎಲ್ಲರೂ ಡಾಕ್ಟರರಾಗಿಬಿಡುತ್ತಾರೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಮರಾಠಿಯನ್ನೋ ಕೊಂಕಣಿಯನ್ನೋ ಆಡಿ, ಶಾಲೆಗೆ ಬಂದು ಕನ್ನಡ ಬರೆಯಬೇಕಾದ ಮಗುವಿಗೆ ತಪ್ಪಾದೀತೆಂಬ ಅಂಜಿಕೆ ಬೇರೆ. ಅಂಜಿದ ಕೈ ನಕಲು ಮಾಡದೆ ಇನ್ನೇನು ಮಾಡೀತು?

ಈ ಅಂಜಿಕೆಯನ್ನು ಬಿಡಿಸಲು ನಾವು ಎರವಲು ತಂದದ್ದು ಪ್ಯಾರಿಸ್ ನಗರದ ಒಂದು ಆಟವನ್ನು. ಆಂದ್ರೆ ಬ್ರೆಟನ್ ಎಂಬ ಫ್ರೆಂಚ್ ಕವಿ 1924ರಲ್ಲಿ ಅತಿವಾಸ್ತವತಾವಾದದ ಪ್ರಣಾಳಿಕೆಯನ್ನು ಪ್ರಕಟಿಸಿದನು. ವೈದ್ಯಕೀಯ ಓದಿದ್ದ ಆತ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮನಸ್ಸು ಕದಡಿದ ಸೈನಿಕರ ಆಸ್ಪತ್ರೆಯಲ್ಲಿ ದುಡಿದವನು. ಫ್ರಾಯ್ಡನ ವಿಚಾರಗಳನ್ನು ಅರಗಿಸಿಕೊಂಡವನು. ಎಚ್ಚರದ ಬುದ್ಧಿ ಅದುಮಿಟ್ಟದ್ದನ್ನು ಕನಸೂ ಆಕಸ್ಮಿಕವೂ ಹೊರಗೆ ತರುತ್ತವೆ ಎಂಬುದು ಅವನ ಬಳಗದವರ ನಂಬಿಕೆ. 1925ರಲ್ಲಿ ಷಾತೋ ಬೀದಿಯ 54ನೇ ನಂಬರಿನ ಮನೆಯಲ್ಲಿ ಈ ಗೆಳೆಯರು ಒಂದು ಆಟ ಹೂಡಿದರು. ಒಬ್ಬ ಒಂದು ಪದ ಬರೆದು ಕಾಗದ ಮಡಿಸಿ ಪಕ್ಕದವನಿಗೆ ದಾಟಿಸುವುದು; ಅವನು ಹಿಂದಿನದನ್ನು ನೋಡದೆ ಮುಂದಿನ ಪದ ಬರೆಯುವುದು. ಮೊದಲು ಒದಗಿದ ವಾಕ್ಯದ ಆರಂಭದಿಂದಲೇ ಆಟಕ್ಕೆ 'ಸೊಗಸಾದ ಶವ' ಎಂಬ ಹೆಸರು ಬಿತ್ತು. ಬಳಿಕ ಪದಗಳ ಬದಲು ಚಿತ್ರಗಳನ್ನೂ ಹೀಗೆಯೇ ಬರೆದರು. ನಾಲ್ಕನೆಯ ತರಗತಿಯಲ್ಲಿ ಶವದ ಹೆಸರೆತ್ತುವುದು ಬೇಡವೆಂದು ನಾವು 'ಮಡಿಕೆ ಪ್ರಾಣಿ' ಎಂದೆವು.

ಬೇಕಾದದ್ದು ಕಾಗದ ಮತ್ತು ಪೆನ್ಸಿಲು ಮಾತ್ರ. ಕಾಗದವನ್ನು ಅಡ್ಡಕ್ಕೆ ಮೂರು ಮಡಿಕೆ ಮಾಡಬೇಕು. ಮೊದಲನೆಯವರು ತಲೆ ಬರೆದು, ಕುತ್ತಿಗೆಯ ಗೆರೆಗಳನ್ನು ಮಡಿಕೆಯಿಂದ ಒಂದು ಬೆರಳಿನಷ್ಟು ಕೆಳಗೆ ಇಳಿಸಿ ಬಿಡಬೇಕು. ಈ ಗೆರೆ ಇಳಿಸದಿದ್ದರೆ ಆಟ ಕೆಟ್ಟಂತೆ. ಎರಡನೆಯವರದು ಮೈ, ಮೂರನೆಯವರದು ಕಾಲು. ಬಿಚ್ಚಿ ನೋಡಿದಾಗ ಒಂದರಲ್ಲಿ ಯಕ್ಷಗಾನದ ಕಿರೀಟ, ಅದರಡಿ ಗೊನೆ ಸಮೇತ ಅಡಕೆಮರ, ಅದಕ್ಕೆ ಬಸ್ಸಿನ ನಾಲ್ಕು ಚಕ್ರ! ತರಗತಿ ನಕ್ಕದ್ದಕ್ಕೆ ಪಕ್ಕದ ಕೋಣೆಯ ಟೀಚರು ಇಣುಕಿದರು.

ಮೊದಲೇ ಡಾಲಿಯ ಕರಗುವ ಗಡಿಯಾರಗಳನ್ನು ತೋರಿಸಬಾರದಿತ್ತೇ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ತೋರಿಸಿದ್ದರೆ ಮೂವತ್ತು ಗಡಿಯಾರ ಕರಗುತ್ತಿದ್ದವು, ಅಷ್ಟೆ. ಆಟ ಮುಗಿದ ಮೇಲೆ ತೋರಿಸಿದೆವು. 1931ರ ಆ ಪ್ರಖ್ಯಾತ ಚಿತ್ರ ಬರೇ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಸ್ಲೇಟಿಗಿಂತ ತುಸು ದೊಡ್ಡದೆಂದು ತಿಳಿದಾಗ ಮಕ್ಕಳಿಗೆ ಅದು ತಮ್ಮ ಅಳವಿನದೇ ಎನಿಸಿತು.

ಪದಗಳ ಆಟವನ್ನು ಕನ್ನಡಕ್ಕೆ ಹೊಂದಿಸುವುದೇ ಒಂದು ವ್ಯಾಕರಣ ಪಾಠ. ಫ್ರೆಂಚಿನಲ್ಲಿ ಕ್ರಿಯಾಪದ ನಡುವೆ ಬಂದರೆ ನಮ್ಮಲ್ಲಿ ಕೊನೆಗೆ. ಆದ್ದರಿಂದ ಎಂಥ, ಯಾರು, ಎಂಥ, ಏನನ್ನು, ಏನು ಮಾಡಿತು ಎಂದು ಐದು ಮಡಿಕೆ. 'ನೀಲಿ ಅಜ್ಜಿ ಒದ್ದೆ ಚಿಮಿಣಿಯನ್ನು ನುಂಗಿತು' ಎಂದು ಬಂದಾಗ ಅರ್ಧ ತರಗತಿ 'ನುಂಗಿದಳು' ಎಂದು ಕೂಗಿತು. ಹಿಂದಿನ ಬೆಂಚಿನಿಂದ ಒಬ್ಬ, "ಅಜ್ಜಿ ಅಲ್ವಾ, ನುಂಗಿದರು ಅಂತ ಆಗ್ಬೇಕು" ಎಂದ. ಲಿಂಗ, ವಚನ, ಗೌರವಗಳ ಈ ಚರ್ಚೆಯನ್ನು ನಾವು ಕೇಳಿಕೊಟ್ಟದ್ದಲ್ಲ, ಅವರೇ ಎತ್ತಿಕೊಂಡದ್ದು. ಇನ್ನೊಂದರಲ್ಲಿ 'ಹುಳಿಯಾದ ಪಿಲಿ ನಿದ್ದೆಗೆಟ್ಟ ಕೊಡೆಯನ್ನು ಒಗೆಯಿತು' ಎಂದಿತ್ತು. ಪಿಲಿ ತುಳು, ಅದನ್ನು ಹೊಡೆದು ಹುಲಿ ಎಂದು ಬರೆಯಬೇಕೆಂದು ಕೆಲವರ ವಾದ. ಬರೆದ ಹುಡುಗಿ ತಲೆ ತಗ್ಗಿಸಿದ್ದಳು. ತಾನಾಗಿ ಆಕೆ ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಪಿಲಿ ಇರಲಿ, ಬದಿಯಲ್ಲಿ ಹುಲಿಯೂ ಇರಲಿ ಎಂದೆವು. ಕನ್ನಡ ಉಳಿಯಬೇಕಾದರೆ ಮನೆಮಾತನ್ನು ಬಾಗಿಲ ಹೊರಗೆ ನಿಲ್ಲಿಸಬೇಕೆಂಬ ವಾದವನ್ನು ನಾವು ಒಪ್ಪುವವರಲ್ಲ. ಇಲ್ಲಿ ಕನ್ನಡ ಓದುವ ಬಹುಪಾಲು ಮಕ್ಕಳು ಆ ಬಾಗಿಲಿನಿಂದಲೇ ಬಂದವರು.

ಮರುವಾರ ಉಜ್ಜುಚಿತ್ರ. 1925ರ ಆಗಸ್ಟಿನಲ್ಲಿ ಫ್ರಾನ್ಸಿನ ಪೋರ್ನಿಕ್ ಎಂಬ ಕಡಲೂರಿನ ವಸತಿಗೃಹದಲ್ಲಿ ಮ್ಯಾಕ್ಸ್ ಅರ್ನ್‌ಸ್ಟ್ ಎಂಬ ಕಲಾವಿದ, ತಿಕ್ಕಿ ತಿಕ್ಕಿ ಸವೆದ ಹಲಗೆನೆಲದ ಮೇಲೆ ಕಾಗದವಿಟ್ಟು ಸೀಸದಿಂದ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡನ್ನೂ ಪ್ರಾಣಿಗಳನ್ನೂ ಕಂಡನು. ನಮಗೆ ಹಲಗೆನೆಲವಿಲ್ಲ; ಮುರಕಲ್ಲಿನ ಗೋಡೆಯಿದೆ, ಅಡಕೆಹಾಳೆಯಿದೆ, ಹಲಸಿನ ಎಲೆಯಿದೆ. ಪೆನ್ಸಿಲಿನ ಮೊನೆಯಿಂದಲ್ಲ, ಮಗ್ಗುಲಿನಿಂದ ಉಜ್ಜಬೇಕು. ಇಲ್ಲವಾದರೆ ಮುರಕಲ್ಲಿನ ಮೇಲೆ ಕಾಗದ ಹರಿದೇ ಹೋಗುತ್ತದೆ.

ಇದಕ್ಕೆ ಮಾರ್ಕು ಎಷ್ಟು ಎಂದು ಹೆತ್ತವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕನ್ನಡ ವಿಭಾಗದಲ್ಲಿ ಮಗುವನ್ನು ಉಳಿಸಿದವರಿಗೆ ಅದು ಹಿಂದೆ ಬಿದ್ದೀತೆಂಬ ಚಿಂತೆ ಇದ್ದೇ ಇರುತ್ತದೆ. ಮಾರ್ಕಿಲ್ಲ ಎಂದೆವು, ಮಕ್ಕಳ ಪುಸ್ತಕಗಳನ್ನು ಅವರ ಕೈಗೆ ಕೊಟ್ಟೆವು. ಪಿಲಿಯ ಕತೆಯನ್ನು ಮುಂದುವರಿಸಿರೆಂದಾಗ, ಅರ್ಧ ಪುಟಕ್ಕೆ ಏದುಸಿರು ಬಿಡುತ್ತಿದ್ದ ಮಕ್ಕಳು ಎರಡು ಪುಟ ಬರೆದಿದ್ದರು. ಕೊಡೆ ಯಾಕೆ ನಿದ್ದೆಗೆಟ್ಟಿತು ಎಂಬುದಕ್ಕೆ ಪಿಲಿಯ ಹುಡುಗಿ ಕೊಟ್ಟ ಕಾರಣ: ಜೂನ್ ತಿಂಗಳಿನಿಂದ ಹಗಲೂ ರಾತ್ರಿಯೂ ಮಳೆ, ಶಾಲೆಗಾದರೂ ರಜೆ ಸಾರುತ್ತಾರೆ, ಕೊಡೆಗೆ ಯಾರೂ ಸಾರುವುದಿಲ್ಲ.