ಅಮೆರಿಕದ ಜೀಪು, ಭಾರತದ ತಗಡು: ಹೊಂದುವುದು ಯಾವುದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿದಾರಿಗಳನ್ನು ಬಲ್ಲವರಿಗೆ ಜೀಪು ಅಪರಿಚಿತ ವಾಹನವಲ್ಲ. ಅಂಥ ಹಳೆಯ ಜೀಪೊಂದರ ಮಡ್‌ಗಾರ್ಡು ತುಕ್ಕು ಹಿಡಿದು ಕಳಚಿತೆನ್ನೋಣ. ಅಮೆರಿಕದ ವಿಲ್ಲೀಸ್ ಜೀಪಿನ ಮಡ್‌ಗಾರ್ಡನ್ನು ತಂದು ನಮ್ಮ ಮಹೀಂದ್ರ ಜೀಪಿಗೆ ಕೂಡಿಸಬಹುದೇ? ನೋಟಕ್ಕೆ ಎರಡು ವಾಹನಗಳೂ ಅವಳಿಗಳಂತಿವೆ. ಆದರೆ ರೂಪದ ಹೋಲಿಕೆ ಬೇರೆ, ಭಾಗಗಳ ಪರಸ್ಪರ ವಿನಿಮಯ ಬೇರೆ.

ಎರಡನೆಯ ಮಹಾಯುದ್ಧದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಒಟ್ಟು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಒಂದರ ಭಾಗ ಇನ್ನೊಂದಕ್ಕೆ ಒಪ್ಪಬೇಕೆಂಬುದು ಸೇನೆಯ ಅಪೇಕ್ಷೆ. ಕೆಟ್ಟುನಿಂತ ಎರಡು ಜೀಪುಗಳಿಂದ ಓಡುವ ಒಂದನ್ನು ರಣರಂಗದಲ್ಲಿಯೇ ಸಿದ್ಧಪಡಿಸಬಹುದಾದುದು ಇದರ ಫಲ. ಇದಕ್ಕೆ ಆಧಾರ ಒಂದೇ ನಕ್ಷೆ, ಒಂದೇ ಅಳತೆ ಮತ್ತು ಅಳತೆಯಲ್ಲಿ ಸೈರಿಸಬಹುದಾದ ಏರುಪೇರಿಗೆ ಒಂದೇ ಮಿತಿ.

1953ರಲ್ಲಿ ವಿಲ್ಲೀಸ್ ಸಂಸ್ಥೆ ಸಿಜೆ-3ಬಿ ಮಾದರಿಯನ್ನು ಹೊರತಂದಿತು. ಮುಂಬಯಿಯ ಮಹೀಂದ್ರ ಸಂಸ್ಥೆಯೂ ಜಪಾನಿನ ಮಿತ್ಸುಬಿಷಿಯೂ ಪರವಾನಗಿ ಪಡೆದು ಇದನ್ನೇ ತಯಾರಿಸಿದುವು. ಅಮೆರಿಕದಲ್ಲಿ 1968ರಲ್ಲಿ ನಿಂತುಹೋದ ಈ ಮಾದರಿಯ ವಂಶ ಭಾರತದಲ್ಲಿ ಆಮೇಲೂ ದಶಕಗಳ ಕಾಲ ಬೆಳೆಯಿತು. ಮೂಲ ನಕ್ಷೆಯನ್ನು ಅನುಸರಿಸಿದ ಭಾಗಗಳು ಕಡಲಾಚೆಯ ಭಾಗಗಳೊಡನೆ ಹೊಂದುವುದು ಸಹಜವೇ ಸರಿ.

ಹಾಗೆಂದು ಎಲ್ಲವೂ ಹೊಂದವು. ಸಿಜೆ-3ಬಿಯ ಎಂಜಿನ್ನಿನಲ್ಲಿ ಒಳಗವಾಟಗಳು ಮೇಲ್ಭಾಗದಲ್ಲಿದ್ದುದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಗಬೇಕಾಯಿತು. ಆದ್ದರಿಂದ ಅದರ ಹಿಂದಿನ ಸಿಜೆ-3ಎ ಮಾದರಿಯ ಬಾನೆಟ್ಟು ಇಲ್ಲಿ ಕೂಡದು. ಅಮೆರಿಕದಲ್ಲಿ ಚಾಲಕನ ಆಸನ ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಆದಕಾರಣ ಚಾಲಕನ ಮುಂದಿನ ತಗಡಿನಲ್ಲಿ ಸ್ಟೀರಿಂಗ್ ದಂಡ ಹಾಯುವ ರಂಧ್ರವೂ ಪಕ್ಕ ಬದಲಿಸುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಒಗ್ಗೀತೇ?

ರಂಧ್ರಗಳ ಲೆಕ್ಕವನ್ನು ಈಗ ನೋಡೋಣ. ಒಡಲಿನಲ್ಲಿ ಕದಲದಂತೆ ನಿಂತಿರುವ 8 ಮಿಲಿಮೀಟರಿನ ಎರಡು ಬೋಲ್ಟುಗಳಿಗೆ ಮಡ್‌ಗಾರ್ಡಿನ 9 ಮಿಲಿಮೀಟರಿನ ಎರಡು ರಂಧ್ರಗಳು ಕೂಡಬೇಕೆಂದು ಭಾವಿಸಿರಿ. ಪ್ರತಿ ಬೋಲ್ಟಿನ ಸುತ್ತ ಅರ್ಧ ಮಿಲಿಮೀಟರಿನ ಎಡೆಯಿದೆ. ಬೋಲ್ಟುಗಳ ನಡುವಣ ದೂರಕ್ಕೂ ರಂಧ್ರಗಳ ನಡುವಣ ದೂರಕ್ಕೂ 1 ಮಿಲಿಮೀಟರಿನವರೆಗೆ ಅಂತರವಿದ್ದರೂ ತಗಡು ಕೂಡುತ್ತದೆ. 2 ಮಿಲಿಮೀಟರಾದರೆ ಕೂಡದು.

ತಿರುಪಿನ ಮೋಸ ಇನ್ನೂ ಸೂಕ್ಷ್ಮವಾದುದು. ಅಮೆರಿಕದ 5/16 ಅಂಗುಲದ ಬೋಲ್ಟಿನ ವ್ಯಾಸ 7.94 ಮಿಲಿಮೀಟರು, 8 ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ಭೇದ ಕಾಣದು. ಆದರೆ ಅಂಗುಲಕ್ಕೆ 24 ಸುತ್ತುಗಳಿರುವ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.06 ಮಿಲಿಮೀಟರು, ಸಾಮಾನ್ಯ ಮೆಟ್ರಿಕ್ ಬೋಲ್ಟಿನಲ್ಲಿ 1.25. ಐದು ಸುತ್ತುಗಳಾಗುವಷ್ಟರಲ್ಲಿ ಸುಮಾರು ಒಂದು ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಒಂದು ಸುತ್ತಿನಷ್ಟೇ ಅಂತರ! ಬಲವಂತದಿಂದ ತಿರುಗಿಸಿದರೆ ಬಿಗಿಯಾದಂತೆ ತೋರುತ್ತದೆ. ಒಳಗೆ ಏಣುಗಳು ಸವೆದಿರುತ್ತವೆ. ಕಲ್ಲುದಾರಿಯ ಕುಲುಕಾಟಕ್ಕೆ ಅದು ಸಡಿಲಿ, ಓಡುವ ಗಾಲಿಯ ಮೇಲೆ ಮಡ್‌ಗಾರ್ಡು ಕುಸಿದರೆ ಒಳಗೆ ಕುಳಿತವರ ಗತಿಯೇನು?

ಹಳೆಯ ಸಾಮಾನಿನ ಅಂಗಡಿಗೆ ಹೋಗುವವರು ಹೆಸರುಪಟ್ಟಿಯನ್ನೂ ಬಣ್ಣವನ್ನೂ ನೋಡಿ ಮರುಳಾಗಬಾರದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಹಿಡಿಯುವ ವರ್ನಿಯರ್ ಕ್ಯಾಲಿಪರು ಇಲ್ಲಿ ಹೆಚ್ಚು ನಂಬಲರ್ಹವಾದ ಸಾಕ್ಷಿ. ರಂಧ್ರಗಳ ಅಂತರ, ಬೋಲ್ಟಿನ ವ್ಯಾಸ, ತಿರುಪಿನ ಸುತ್ತು ಈ ಮೂರನ್ನೂ ಅಳೆದು ತಾಳೆ ನೋಡಿದ ಮೇಲೆಯೇ ಹಣ ಕೊಡುವುದು ಲೇಸು.