ಪಿಕಪ್ ವಾಹನ ಸ್ಟಾರ್ಟ್ ಆಗದಿದ್ದಾಗ: ದೋಷ ಕಂಡುಹಿಡಿಯುವ ಕ್ರಮ

ತರಕಾರಿ, ಹೂವು, ಹಾಲು ಮೊದಲಾದ ಬೇಗ ಕೆಡುವ ಪದಾರ್ಥಗಳನ್ನು ಪೇಟೆಗೆ ಮುಟ್ಟಿಸಲು ರೈತರು ಪಿಕಪ್ ವಾಹನಗಳನ್ನು ಹೆಚ್ಚಾಗಿ ಬಳಸುತ್ತಿದ್ದಾರೆ. ಕೋಲಾರದ ಕಡೆ ಹಿಂದಿನ ದಿನ ಕೊಯ್ದು ತುಂಬಿದ ಟೊಮೆಟೊ ಹರಾಜಿನ ಹೊತ್ತಿಗೆ ಮಾರುಕಟ್ಟೆ ಸೇರದಿದ್ದರೆ, ಬೆಳೆ ಚೆನ್ನಾಗಿ ಬಂದಿದ್ದರೂ ಬೆಲೆ ಕೈತಪ್ಪುತ್ತದೆ. ಇಂತಹ ಸಮಯದಲ್ಲಿ ಕೀಲಿ ತಿರುಗಿಸಿದರೂ ಎಂಜಿನ್ ಅಲುಗದಿದ್ದರೆ, ಅನೇಕರು ಬ್ಯಾಟರಿ ಹೋಯಿತೆಂದೇ ತೀರ್ಮಾನಿಸಿ ಹೊಸದನ್ನು ಕೊಳ್ಳುತ್ತಾರೆ. ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಹೇಗೆ ಸರಿಯಲ್ಲವೋ ಇದೂ ಹಾಗೆಯೇ. ಎಲೆ ಹಳದಿಯಾಗಲು ಸಾರಜನಕದ ಕೊರತೆಯಲ್ಲದೆ ಕಬ್ಬಿಣದ ಕೊರತೆಯೋ, ಬೇರಿನಲ್ಲಿ ನೀರು ನಿಂತಿರುವುದೋ ಕಾರಣವಾಗಿರಬಹುದು. ವಾಹನದಲ್ಲಿಯೂ ಮೂಲ ದೋಷ ಬೇರೆಡೆ ಇದ್ದರೆ, ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಮುಖ್ಯ ಭಾಗಗಳು

ಬ್ಯಾಟರಿಯು ವಿದ್ಯುತ್ತನ್ನು ಕೂಡಿಡುವ ಕಣಜವಿದ್ದಂತೆ. ಸಾಮಾನ್ಯವಾಗಿ ಸೆಲ್ಫ್ ಎಂದು ಕರೆಯುವ ಸ್ಟಾರ್ಟರ್ ಮೋಟಾರು ಈ ಕಣಜದಿಂದ ವಿದ್ಯುತ್ತನ್ನು ಪಡೆದು ಎಂಜಿನನ್ನು ತಿರುಗಿಸುತ್ತದೆ. ಎಂಜಿನ್ ಓಡುವಾಗ ಬೆಲ್ಟಿನ ಮೂಲಕ ತಿರುಗುವ ಆಲ್ಟರ್ನೇಟರ್ ಕಣಜವನ್ನು ಪುನಃ ತುಂಬುತ್ತದೆ. ಈ ಮೂರನ್ನೂ ಕೂಡಿಸುವ ತಂತಿ ಮತ್ತು ಕ್ಲಾಂಪುಗಳಲ್ಲಿಯೇ ಎಷ್ಟೋ ಸಲ ದೋಷವಿರುತ್ತದೆ.

ನೋಡಿ, ಕೇಳಿ ತಿಳಿಯುವುದು

ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕ್ ಹಾಕಿ, ಹೆಡ್‌ಲೈಟ್ ಉರಿಸಿ ಕೀಲಿ ತಿರುಗಿಸಬೇಕು.

1. ದೀಪ ಮಂಕಾಗಿ 'ಟಕಟಕ' ಸದ್ದು ಬಂದರೆ ಬ್ಯಾಟರಿ ಬರಿದಾಗಿದೆ ಅಥವಾ ಕ್ಲಾಂಪು ಸಡಿಲವಾಗಿದೆ.

2. ದೀಪ ಪ್ರಕಾಶವಾಗಿದ್ದು ಒಂದೇ ಒಂದು 'ಟಕ್' ಸದ್ದು ಬಂದರೆ ಸ್ಟಾರ್ಟರ್ ಮೋಟಾರು, ಅದರ ಸೊಲೆನಾಯ್ಡ್ ಅಥವಾ ದಪ್ಪ ತಂತಿಯ ಜೋಡಣೆಯನ್ನು ಪರೀಕ್ಷಿಸಬೇಕು.

3. ದೀಪ ಪ್ರಕಾಶವಾಗಿದ್ದು ಸದ್ದೇ ಬಾರದಿದ್ದರೆ ಕೀಲಿಯ ಸ್ವಿಚ್, ಫ್ಯೂಸ್ ಮತ್ತು ರಿಲೇಗಳನ್ನು ನೋಡಬೇಕು. ಕೆಲವು ವಾಹನಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೂ ಹೀಗಾಗುತ್ತದೆ.

4. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಬ್ಯಾಟರಿಯ ತಪ್ಪಲ್ಲ. ಡೀಸೆಲ್ ಬರುತ್ತಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ ಎಂದು ನೋಡಬೇಕು.

ಕ್ಲಾಂಪುಗಳ ಶುದ್ಧಿ

ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ವಿದ್ಯುತ್ ಸರಾಗವಾಗಿ ಹರಿಯದು. ಮೊದಲು ಋಣ ಕ್ಲಾಂಪನ್ನು, ಅನಂತರ ಧನ ಕ್ಲಾಂಪನ್ನು ಬಿಚ್ಚಬೇಕು. ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ಉಜ್ಜಿ ಹೊಳಪು ಬರಿಸಬೇಕು. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಹೋಗದಂತೆ ಎಚ್ಚರ ವಹಿಸಬೇಕು. ಮರುಜೋಡಿಸುವಾಗ ಧನ ಮೊದಲು, ಋಣ ಕೊನೆಗೆ. ಬಿಗಿ ಮಾಡಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು.

ಮೀಟರಿನ ಅಳತೆಗಳು

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಮೊದಲನೆಯದಾಗಿ, ರಾತ್ರಿಯೆಲ್ಲಾ ನಿಂತ ವಾಹನದ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಬೇಕು. 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಬರಿದು ಎಂದು ತಿಳಿಯಬೇಕು.

ಎರಡನೆಯದಾಗಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುತ್ತಾ ಅಳೆಯಬೇಕು. ತುಂಬಿದ ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೆ ಸ್ಟಾರ್ಟರ್ ಮೋಟಾರು ಮಿತಿಮೀರಿ ವಿದ್ಯುತ್ ಎಳೆಯುತ್ತಿದೆ. ಅಂಗಡಿಯಲ್ಲಿ ಲೋಡ್ ಪರೀಕ್ಷೆ ಮಾಡಿಸಿದರೆ ಯಾವುದೆಂಬುದು ಗೊತ್ತಾಗುತ್ತದೆ.

ಮೂರನೆಯದಾಗಿ, ಸೆಲ್ಫ್ ಹೊಡೆಯುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಅದರ ಕ್ಲಾಂಪಿಗೂ ಮುಟ್ಟಿಸಬೇಕು. ಇಲ್ಲಿ ಮೀಟರು ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ತೋರಿಸಿದರೂ ಆ ಜೋಡಣೆಯೇ ದೋಷದ ಸ್ಥಾನ.

ನಾಲ್ಕನೆಯದಾಗಿ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಮೊದಲಿನಷ್ಟೇ ಇದ್ದರೆ ಆಲ್ಟರ್ನೇಟರ್ ತುಂಬುತ್ತಿಲ್ಲ. ಬೆಲ್ಟು ಸಡಿಲವೇ, ಸವೆದಿದೆಯೇ ಎಂದು ಎಂಜಿನ್ ನಿಲ್ಲಿಸಿ ಮೊದಲು ನೋಡಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಬೇಗ ಆರುತ್ತದೆ. ಕಂಪ್ಯೂಟರ್ ನಿಯಂತ್ರಣದ ಹೊಸ ವಾಹನಗಳಲ್ಲಿ ಅಳತೆ ಏರಿಳಿಯುವುದುಂಟು. ಹೆಡ್‌ಲೈಟ್ ಹಾಕಿ ಅಳೆಯಬೇಕು.

ಕೀಲಿ ಹಾಕಿದಾಗ ಹತ್ತುವ ಬ್ಯಾಟರಿ ಗುರುತಿನ ಕೆಂಪು ದೀಪವು ಎಂಜಿನ್ ಶುರುವಾದ ಮೇಲೆ ಆರಬೇಕು. ದಾರಿಯಲ್ಲಿ ಅದು ಹತ್ತಿದರೆ ಅಲಕ್ಷ್ಯ ಮಾಡಬಾರದು.

ರಾತ್ರಿಯ ಸೋರಿಕೆ

ಎಲ್ಲ ಅಳತೆಯೂ ಸರಿಯಿದ್ದು ಬೆಳಿಗ್ಗೆ ಮಾತ್ರ ಬ್ಯಾಟರಿ ಬರಿದಾಗಿದ್ದರೆ, ಹೊರಗಿನಿಂದ ಹಾಕಿಸಿದ ದೀಪ, ಟೇಪು, ಹಾರನ್‌ಗಳನ್ನು ಶಂಕಿಸಬೇಕು. 10 ವ್ಯಾಟಿನ ಒಂದು ದೀಪ 12 ಗಂಟೆ ಉರಿದರೆ ಸುಮಾರು 10 ಆಂಪಿಯರ್-ಗಂಟೆಯಷ್ಟು ವಿದ್ಯುತ್ ಖರ್ಚಾಗುತ್ತದೆ. ಮನೆಯಿಂದ ಹೊಲಕ್ಕೆ ಹೋಗಿಬರುವ ಗಿಡ್ಡ ಓಡಾಟದಲ್ಲಿ ಈ ನಷ್ಟ ತುಂಬಿಬರುವುದಿಲ್ಲ.

ಎಚ್ಚರಿಕೆಗಳು

ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಬಳಿಯಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಆಮ್ಲ ಮೈಗೆ ಅಥವಾ ಕಣ್ಣಿಗೆ ತಗುಲಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗಾದರೆ ವೈದ್ಯರ ಬಳಿಗೆ ಹೋಗಲೇಬೇಕು. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿರುವ ಲವಣಗಳು ಅದರ ಆಯುಸ್ಸನ್ನು ತಗ್ಗಿಸುತ್ತವೆ. ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಬಿಚ್ಚಿ ಪರೀಕ್ಷಿಸುವ ಹಳೆಯ ರೂಢಿಯಿಂದ ಆಲ್ಟರ್ನೇಟರ್ ಮತ್ತು ಕಂಪ್ಯೂಟರ್ ಎರಡೂ ಸುಟ್ಟುಹೋಗಬಹುದು. ಬೇರೆ ವಾಹನದಿಂದ ವಿದ್ಯುತ್ ಪಡೆಯುವಾಗ ಅದೂ 12 ವೋಲ್ಟಿನದೇ ಆಗಿರಬೇಕು. ಅನೇಕ ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ.

ತಿಂಗಳಿಗೊಮ್ಮೆ ಕ್ಲಾಂಪು, ಬೆಲ್ಟುಗಳನ್ನು ನೋಡಿ ಮೇಲಿನ ಅಳತೆಗಳನ್ನು ಬರೆದಿಟ್ಟರೆ, ಮೆಕ್ಯಾನಿಕ್‌ಗೆ ದೋಷದ ಜಾಗವನ್ನು ರೈತರೇ ತೋರಿಸಬಹುದು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆ, ಅಳೆದು ನೋಡಿದ ಮೇಲೆಯೇ ಬಿಡಿಭಾಗ ಕೊಳ್ಳುವುದು ಲಾಭದಾಯಕ.