ಜರ್ಮನ್ ಪೌರತ್ವ: ಪರೀಕ್ಷೆ ಸುಲಭ, ಸಹಿ ಭಾರ

ಜರ್ಮನಿಯ ಪೌರತ್ವ ಪರೀಕ್ಷೆಗೆ ಪ್ರಕಟಿಸಿರುವ ಪಟ್ಟಿಯಲ್ಲಿ ಮೊದಲ ಪ್ರಶ್ನೆಯೇ ಇದು: ಇಲ್ಲಿ ಜನ ಸರ್ಕಾರದ ವಿರುದ್ಧ ರಾಜಾರೋಷವಾಗಿ ಮಾತಾಡಬಹುದು, ಯಾಕೆ? ತೆರಿಗೆ ಕಟ್ಟುತ್ತಾರೆಂದೇ, ಮತದಾನದ ಹಕ್ಕಿದೆಯೆಂದೇ, ಧಾರ್ಮಿಕ ಸ್ವಾತಂತ್ರ್ಯ ಇದೆಯೆಂದೇ, ವಾಕ್ ಸ್ವಾತಂತ್ರ್ಯ ಇದೆಯೆಂದೇ? ಕೊನೆಯದಕ್ಕೆ ಗುರುತು ಹಾಕಿದರೆ ಒಂದು ಅಂಕ.

ಓದಬೇಕಾದದ್ದು 310 ಪ್ರಶ್ನೆ, ಕೇಳುವುದು 33, ಪಾಸಾಗಲು 17. ಎಸ್ಸೆಸ್ಸೆಲ್ಸಿ ಗೈಡು ಉರುಹೊಡೆದು ಬೆಳೆದ ನಮ್ಮವರಿಗೆ ಇದೇನು ಮಹಾ! ಬಿ1 ಮಟ್ಟದ ಜರ್ಮನ್ ಭಾಷೆಗೇ ಹೆಚ್ಚು ಬೆವರು ಹರಿಯುತ್ತದೆ. 2024ರ ಜೂನ್ 27ರಿಂದ ವಾಸದ ಅವಧಿ 8 ವರ್ಷದಿಂದ 5ಕ್ಕೆ ಇಳಿದಿದೆ.

ಆದರೆ ಅದೇ ತಿದ್ದುಪಡಿ ಸಹಿಯನ್ನು ಭಾರವಾಗಿಸಿತು. ಪ್ರಜಾಪ್ರಭುತ್ವ ವ್ಯವಸ್ಥೆಗೆ ಬದ್ಧನೆಂಬ ಹಳೆಯ ಘೋಷಣೆಯ ಜೊತೆಗೆ, ನಾಜಿ ಅನ್ಯಾಯದಿಂದ ಬಂದ ಚಾರಿತ್ರಿಕ ಹೊಣೆಯನ್ನೂ, ವಿಶೇಷವಾಗಿ ಯಹೂದಿಗಳ ಬದುಕಿನ ರಕ್ಷಣೆಯನ್ನೂ ಒಪ್ಪಿಕೊಳ್ಳಬೇಕು. ಬಳಿಕ ಕಚೇರಿಯು 16 ದಾಟಿದ ಪ್ರತಿ ಅರ್ಜಿದಾರರ ಬಗ್ಗೆ ಆಂತರಿಕ ಗುಪ್ತಚರ ಇಲಾಖೆಯನ್ನು ವಿಚಾರಿಸುತ್ತದೆ.

ಇಲ್ಲಿ ಎರಡು ತಕ್ಕಡಿಗಳಿವೆ. ಒಂದು ಅಪರಾಧದ್ದು: ಯಹೂದಿ ನರಮೇಧ ನಡೆದೇ ಇಲ್ಲ ಎಂದು ಬಹಿರಂಗವಾಗಿ ಸಾರಿದರೆ 5 ವರ್ಷದವರೆಗೆ ಜೈಲು, ಇದು ಪ್ರಜೆಗೂ ವಲಸಿಗನಿಗೂ ಒಂದೇ. ಇನ್ನೊಂದು ಅರ್ಜಿದಾರನಿಗೆ ಮಾತ್ರ. ಕೋರ್ಟು ಶಿಕ್ಷಿಸಲಾರದ ಮಾತು ಕೂಡ, ಸಹಿ ಹಾಕಿದ್ದು ಮನಸಾರೆ ಅಲ್ಲ ಎಂಬ ಅನುಮಾನಕ್ಕೆ ಆಧಾರವಾಗಬಹುದು. ಸಣ್ಣಪುಟ್ಟ ದಂಡವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ದಂಡ ಜನಾಂಗದ್ವೇಷದ ಕೃತ್ಯಕ್ಕೆ ಬಿದ್ದಿದ್ದರೆ ಆ ರಿಯಾಯಿತಿ ಇಲ್ಲ.

ಒಬ್ಬರ ಮನಸ್ಸನ್ನು ಹೀಗೆ ಅಳೆಯಬಹುದೆಂಬ ನಂಬಿಕೆ ನನಗಿಲ್ಲ. ಆದರೂ ಚುನಾವಣೆಯ ದಾರಿಯಲ್ಲೇ ಹಿಟ್ಲರನ ಪಕ್ಷ ಬೆಳೆದದ್ದನ್ನು ಕಂಡ ದೇಶದ ಭಯ ಸುಳ್ಳಲ್ಲ. ಹಾಗಾಗಿ ಅರ್ಜಿ ಹಾಕುವವರು ಘೋಷಣೆಯನ್ನು ಓದಿ, ಒಪ್ಪಿಗೆಯಿದ್ದರಷ್ಟೇ ಸಹಿ ಹಾಕುವುದು ಲೇಸು.

ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಪಡೆದ ಪೌರತ್ವವನ್ನು 10 ವರ್ಷದೊಳಗೆ ಹಿಂತೆಗೆದುಕೊಳ್ಳಬಹುದು. ವ್ಯಕ್ತಿ ಯಾವ ದೇಶಕ್ಕೂ ಸೇರದವನಾದರೂ ಸಾಮಾನ್ಯವಾಗಿ ಅದು ಅಡ್ಡಿಯಲ್ಲ. ಜರ್ಮನಿ ಈಗ ಎರಡು ಪೌರತ್ವಕ್ಕೆ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಮ್ಯೂನಿಕ್ಕಿನ ಕನ್ನಡಿಗ ಜರ್ಮನ್ ಪ್ರಜೆಯಾದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟನ್ನು ದೂತಾವಾಸಕ್ಕೆ ಒಪ್ಪಿಸಬೇಕಾಗುತ್ತದೆ.